ಅಂಚಿನವರನ್ನು ತೋರಿಸುವ ಕಿಂಡಿ

ಫಿಲ್ಮಿನ ತುದಿ ಕ್ಯಾಮೆರಾದೊಳಗಿನ ಉರುಳೆಗೆ ಕಚ್ಚದೆ, ನಾನು ತಿರುಗಿಸಿದ್ದೆಲ್ಲ ಬರೀ ಗಾಳಿಯಾಗಬಹುದಿತ್ತು. ಲೆನ್ಸಿನ ಮುಚ್ಚಳ ತೆಗೆಯುವುದು ಮರೆಯಬಹುದಿತ್ತು; ಸೋದರಮಾವನಿಂದ ತಂದ ಆ ಹಳೆಯ ಕ್ಯಾಮೆರಾದಲ್ಲಿ ನಾವು ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಲೆನ್ಸು ಬೇರೆ, ಮುಚ್ಚಳ ಹಾಕಿಯೇ ಇದ್ದರೂ ಲೋಕ ಚಂದವಾಗಿಯೇ ಕಾಣುತ್ತದೆ. ಕಿಂಡಿ ಲೆನ್ಸಿಗಿಂತ ಮೇಲಿರುವುದರಿಂದ ಹಿಂದಿನ ಸಾಲಿನವರ ತಲೆ ಹಾರಬಹುದಿತ್ತು. ತೊಳೆಯಲು ಕೊಟ್ಟ ಕಡೆ ರೋಲು ಅದಲುಬದಲಾಗಿ ಯಾರದೋ ಮದುಮಗಳು ನಮ್ಮ ಆಲ್ಬಮ್ಮಿಗೆ ಬರಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅತ್ತಿಗೆ ಮತ್ತೆ ಅರ್ಧವೇ ಬರಬಹುದಿತ್ತು.

ಶೃಂಗೇರಿಯ ಅಣ್ಣನ ಮನೆಯಲ್ಲಿ ತೆಗೆದ ಯಾವ ಗುಂಪು ಫೋಟೋದಲ್ಲೂ ಅತ್ತಿಗೆ ಪೂರ್ತಿ ಇಲ್ಲ. ಬಡಿಸುವುದು ಮುಗಿಸಿ, ಎಲ್ಲರೂ ಕೂಗಿದ ಮೇಲೆ ಓಡಿಬಂದು ತುದಿಯಲ್ಲಿ ನಿಲ್ಲುವವರು ಅವರು. ಒಂದರಲ್ಲಿ ಭುಜ, ಒಂದರಲ್ಲಿ ಅರ್ಧ ಮುಖ, ಒಂದರಲ್ಲಿ ಸೀರೆಯ ಅಂಚು ಮಾತ್ರ. ಮೊಮ್ಮಗಳ ನಾಮಕರಣಕ್ಕೆ ಮುಂಚೆ ಕೊಪ್ಪದಲ್ಲಿರುವ ನನಗೆ ಫೋನು ಮಾಡಿದರು.

"ಈ ಸಲ ಫೋಟೋ ನೀನೇ ತೆಗೀತೀಯಂತೆ. ನನ್ನನ್ನ ಪೂರ್ತಿ ಹಾಕು ಮಾರಾಯ. ಇಷ್ಟು ವರ್ಷದ ತುಂಡುಗಳನ್ನೆಲ್ಲ ಅಂಟಿಸಿದ್ರೂ ನಾನೊಬ್ಳು ಸರಿಯಾಗಿ ಆಗೋದಿಲ್ಲ."

ಹೇಳಿ ನಕ್ಕರು. ನಾನು ಆಗಿನಿಂದಲೇ ಮನಸ್ಸಿನಲ್ಲಿ ಅಳತೆ ಹಾಕತೊಡಗಿದೆ.

ಅಣ್ಣನ ಮನೆಯ ಬೀದಿ ಕಿರಿದು. ಎದುರು ಮನೆಯ ಜಗುಲಿಗೆ ಬೆನ್ನು ತಾಗುವಷ್ಟು ಹಿಂದೆ ಸರಿದರೂ ಎಲ್ಲರೂ ಹಿಡಿಸುವುದಿಲ್ಲ. ಸೋದರಮಾವನ ಕ್ಯಾಮೆರಾಕ್ಕೆ ಅಗಲ ಹಿಡಿಯುವ ಲೆನ್ಸೇನೋ ಇತ್ತು. ಆದರೆ ಅದು ಹಿಡಿಯುವಷ್ಟು ಅಗಲ ಕ್ಯಾಮೆರಾದ ಸ್ವಂತ ಕಿಂಡಿಯಲ್ಲಿ ಕಾಣದು. ಅದಕ್ಕೆಂದೇ ಕ್ಯಾಮೆರಾದ ನೆತ್ತಿಯ ಮೇಲೆ ಸಿಕ್ಕಿಸುವ ಇನ್ನೊಂದು ಪುಟ್ಟ ಕಿಂಡಿ, ವ್ಯೂಫೈಂಡರ್, ಇರುತ್ತದೆ. ಮಾವ ಅದನ್ನು ಯಾವಾಗಲೋ ಕಳೆದಿದ್ದರು. "ಕಾಣದಿದ್ರೇನು, ಲೆನ್ಸು ಹಿಡೀತದೆ, ಸುಮ್ನೆ ತೆಗಿ" ಎಂದರು. ಕಾಣುವುದನ್ನೇ ನಂಬದ ನಾನು ಕಾಣದ್ದನ್ನು ನಂಬುವುದುಂಟೇ? ಅಂಥ ವ್ಯೂಫೈಂಡರ್ ಕೇಳಿದ್ದಕ್ಕೆ ಕೊಪ್ಪದ ಸ್ಟುಡಿಯೋದವರು ಡಿಜಿಟಲ್ ಕ್ಯಾಮೆರಾನೇ ತಗೊಳ್ಳಿ ಎಂದರು. ಹೊಸದೆಂದರೆ ನನಗೆ ಇನ್ನೂ ಭಯ. ಕೊನೆಗೆ ಅವರೇ ನರಸಿಂಹರಾಜಪುರದ ಒಂದು ಹಳೇ ಸ್ಟುಡಿಯೋ ಹೇಳಿ ಕೈತೊಳೆದುಕೊಂಡರು.

ಅಲ್ಲಿ ಅಂಥ ವ್ಯೂಫೈಂಡರ್ ಎರಡಿದ್ದವು. ಒಂದರಲ್ಲಿ ನೋಟ ದೊಡ್ಡದು, ತಿಳಿಯಾದದ್ದು. ಆದರೆ ಕನ್ನಡಕ ಹಾಕಿಕೊಂಡು ನೋಡಿದರೆ ಮೂಲೆಗಳು ಮಾಯ. ಇನ್ನೊಂದರಲ್ಲಿ ಎಲ್ಲ ಚಿಕ್ಕದಾಗಿ ಕಾಣುತ್ತಿತ್ತು, ಒಳಗೊಂದು ಬಿಳಿ ಚೌಕಟ್ಟಿನ ಗೆರೆ. ಗೆರೆಯೊಳಗೆ ನಿಂತವರು ಫೋಟೋದಲ್ಲಿ ಬರುತ್ತಾರೆ, ಹೊರಗೆ ನಿಂತವರೂ ಕಾಣುತ್ತಾರೆ. ಸ್ಟುಡಿಯೋದವರನ್ನು ಬಾಗಿಲ ಹತ್ತಿರ ನಿಲ್ಲಿಸಿ, ಆಚೆ ಸರಿಸಿ, ಈಚೆ ಸರಿಸಿ, ಅದರಲ್ಲೊಮ್ಮೆ ಇದರಲ್ಲೊಮ್ಮೆ ನೋಡಿದೆ.

"ಎಂತ ಮಾರಾಯ್ರೆ, ಹೆಣ್ಣು ನೋಡೋಕೆ ಹೋದಾಗ್ಲೂ ಇಷ್ಟು ನೋಡಿರ್ಲಿಕ್ಕಿಲ್ಲ ನೀವು."

"ಆಗ ತಲೆಯೇ ಎತ್ತಿರಲಿಲ್ಲ."

"ಈಗ ನಾನು ಕಾಣ್ತೀನಾ?"

"ಕಾಣ್ತೀರಿ. ಆದ್ರೆ ಗೆರೆಯಿಂದ ಹೊರಗಿದ್ದೀರಿ."

"ಹಂಗಾದ್ರೆ ಅದೇ ತಗೊಂಡು ಹೋಗಿ. ಪಾಸ್‌ಪೋರ್ಟ್ ಫೋಟೋದವರು ಕಾಯ್ತಿದಾರೆ."

ತೆಗೆದುಕೊಂಡೆ. ಬಸ್‌ಸ್ಟ್ಯಾಂಡಿನಲ್ಲಿ ಅನುಮಾನ ಹತ್ತಿತು. ಚಿಕ್ಕದಾಗಿ ಕಂಡರೆ ಅತ್ತಿಗೆ ಕಣ್ಣು ಮುಚ್ಚಿದ್ದು ಗೊತ್ತಾಗುತ್ತದೆಯೇ? ತಿರುಗಿ ಹೋದೆ. ಸ್ಟುಡಿಯೋದವರು ನನ್ನನ್ನು ನೋಡಿದವರೇ ಬಾಗಿಲ ಹತ್ತಿರ ಹೋಗಿ ನಿಂತರು. ಮತ್ತೆ ಎರಡರಲ್ಲೂ ನೋಡಿ, ಗೆರೆಯದ್ದನ್ನೇ ಹಿಡಿದುಕೊಂಡು ಬಂದೆ.

ನಾಮಕರಣದ ದಿನ ಊಟದ ನಂತರ ಎಲ್ಲರೂ ಮನೆಯ ಮುಂದೆ ಸಾಲಾದರು. ಕೂಗಿ ಕೂಗಿ ಸಾಕಾದ ಮೇಲೆ ಅತ್ತಿಗೆ ಬಂದು ತುದಿಯಲ್ಲಿ ನಿಂತರು. ಬಿಳಿ ಗೆರೆಯ ಹೊರಗೆ ಅವರ ಒಂದು ಭುಜ ಸ್ಪಷ್ಟವಾಗಿ ಕಂಡಿತು. ಜೀವ ಬಂತು.

"ಅತ್ತಿಗೆ, ಇನ್ನೂ ಒಳಗೆ ಬನ್ನಿ."

"ಎಲ್ಲಿಗೆ, ವಾಪಸ್ ಅಡಿಗೆಮನೆಗಾ?"

ಎಲ್ಲರೂ ನಕ್ಕರು. ಅಣ್ಣ, "ಈಚೆ ಬಾರೆ ಮಾರಾಯ್ತಿ, ಇಲ್ದಿದ್ರೆ ಇವ ಗುಂಡಿ ಒತ್ತೋದಿಲ್ಲ" ಎಂದು ಅವರನ್ನು ಎಳೆದುಕೊಂಡ. ಭುಜ ಗೆರೆಯೊಳಗೆ ಬಂತು. ನಾನು ಗೆರೆಯನ್ನೇ ನೋಡುತ್ತ ಗುಂಡಿ ಒತ್ತಿದೆ.

ಪ್ರಿಂಟು ಬಂದ ದಿನವೇ ಶೃಂಗೇರಿಗೆ ಒಯ್ದೆ. ತಲೆಗಳೆಲ್ಲ ಇದ್ದವು. ಮಗು ಎಚ್ಚರವಿತ್ತು. ಅತ್ತಿಗೆ ತಲೆಯಿಂದ ಪಾದದವರೆಗೆ ಇದ್ದರು, ಕಣ್ಣು ಬಿಟ್ಟು, ನಗುತ್ತ. ಅವರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು.

"ಪೂರ್ತಿ ಬಂದಿದೀನಿ" ಎಂದರು ಮೆಲ್ಲಗೆ. ಆಮೇಲೆ, "ಅಯ್ಯೋ ದೇವರೇ!"

ಹೊಸ ಸೀರೆಯ ಪಕ್ಕದಲ್ಲಿ, ಹೊರಗಡೆಯ ಕೈಯಲ್ಲಿ, ಪಾತ್ರೆ ಇಳಿಸುವ ಮಸಿಬಟ್ಟೆ.

"ಆ ಕೈ ಯಾವತ್ತೂ ಫೋಟೋದಲ್ಲಿ ಬರೋದೇ ಇಲ್ವಲ್ಲ ಮಾರಾಯ. ಅದಕ್ಕೇ ಇಟ್ಟು ಬರ್ಲಿಲ್ಲ."