ಎಣ್ಣೆ ಮಿಲ್ಲಿನ ಅಂಗಳದಲ್ಲಿ ನನ್ನ ಸಂದರ್ಶನ

ಡಿಪ್ಲೊಮಾ ಮುಗಿಸಿ ಚಳ್ಳಕೆರೆಯ ಒಂದು ಕಂಪ್ಯೂಟರ್ ಅಂಗಡಿಗೆ ಸೇರಿದಾಗ ಅವ್ವ ನೆಂಟರಿಗೆಲ್ಲ ಫೋನು ಮಾಡಿ, "ನಮ್ಮ ಹುಡುಗಿಗೆ ಕಂಪ್ಯೂಟರ್ ಕೆಲಸ ಆತು" ಎಂದಳು. ಆ ಕೆಲಸವೆಂದರೆ ಎಣ್ಣೆ ಮಿಲ್ಲುಗಳ ಆಫೀಸಿನಲ್ಲಿ ಮೇಜಿನ ಕೆಳಗೆ ತೂರಿ, ಶೇಂಗಾ ಹೊಟ್ಟಿನ ದೂಳು ತುಂಬಿಕೊಂಡ ಕಂಪ್ಯೂಟರ್ ಡಬ್ಬಿಗಳನ್ನು ಬ್ರಷ್ಷಿನಿಂದ ಉಜ್ಜುವುದು ಎಂದು ಅವಳಿಗೆ ಹೇಳಲು ನನಗೆ ಒಂದು ವರ್ಷ ಬೇಕಾಯಿತು. ನನಗೆ ಬಾಯಿ ಇಲ್ಲವೆಂದಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರ ಜೊತೆಗೂ ಅರ್ಧ ಗಂಟೆ ಹರಟುತ್ತೇನೆ. ಹೇಳಲೇಬೇಕಾದ ಮಾತೊಂದು ಬಂದರೆ ಮಾತ್ರ ಅದು ಗಂಟಲಲ್ಲೇ ಕೂತುಬಿಡುತ್ತದೆ.

ಕೆಲಸವೇನೋ ನನಗೆ ಹುಚ್ಚು ಹಿಡಿಸಿತ್ತು. ಬೆಳಿಗ್ಗೆ ಮಿಲ್ಲು, ಮಧ್ಯಾಹ್ನ ಬೀಜದ ಅಂಗಡಿ, ವಾರಕ್ಕೆರಡು ದಿನ ಮೊಳಕಾಲ್ಮುರಿನ ಸೀರೆ ಅಂಗಡಿಗಳು. ಬಸ್ಸಿನಲ್ಲಿ ನಿಂತೇ ಫೋನಿನಲ್ಲಿ "ಒಂದ್ಸಲ ಆಫ್ ಮಾಡಿ ಆನ್ ಮಾಡ್ರಿ" ಎಂದು ಕಿರುಚುತ್ತಿದ್ದೆ. ಕಂಡಕ್ಟರು ನನ್ನ ಮುಖ ಕಂಡರೆ ಸಾಕು, "ಏನವ್ವ, ಇವತ್ತು ಯಾರ್ದು ಕೆಟ್ಟೈತೆ?" ಎನ್ನುತ್ತಿದ್ದರು. ನಾನು ಹೋಗಿ ಮುಟ್ಟಿದ ಕೂಡಲೇ ಯಂತ್ರ ಸರಿಹೋದರೆ, ನನ್ನ ಕೈಗುಣ ಎಂದು ದಿನವಿಡೀ ಬೀಗುತ್ತಿದ್ದೆ.

ಕೊರಗು ಒಂದೇ. ಮೂರು ವರ್ಷ ಕಳೆದರೂ ಸಂಬಳ ಸೇರಿದ ದಿನದ್ದೇ ಇತ್ತು. ಅಂಗಡಿಯ ಯಜಮಾನರು ಒಳ್ಳೆಯವರು, ಅದೇ ತೊಂದರೆ. ದಿನವೂ "ಊಟ ಮಾಡಿದ್ಯೇನವ್ವ" ಎಂದು ಕೇಳುವವರ ಎದುರು ನಿಂತು ಸಂಬಳ ಜಾಸ್ತಿ ಮಾಡಿ ಎನ್ನುವುದು ಹೇಗೆ? ನಾಲ್ಕು ಸಲ ಗಟ್ಟಿ ಮನಸ್ಸು ಮಾಡಿ ಅವರ ಮೇಜಿನ ಮುಂದೆ ಹೋಗಿದ್ದೆ. ನಾಲ್ಕು ಸಲವೂ ಕೊನೆ ಗಳಿಗೆಯಲ್ಲಿ "ಸರ್, ಪ್ರಿಂಟರ್ ಇಂಕು ತರಿಸಬೇಕು" ಎಂದು ಹೇಳಿ ವಾಪಸ್ಸು ಬಂದಿದ್ದೆ. ನಮ್ಮ ಅಂಗಡಿಯಲ್ಲಿ ಒಂದು ವರ್ಷಕ್ಕಾಗುವಷ್ಟು ಇಂಕು ಬಿದ್ದಿತ್ತು.

ಆಗ ಒಂದು ಸುದ್ದಿ ಸಿಕ್ಕಿತು. ಉಳ್ಳಾರ್ತಿ ಕಾವಲ್ ಕಡೆಯ ಒಂದು ದೊಡ್ಡ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳಲು ಗುತ್ತಿಗೆ ಕಂಪನಿಯೊಂದು ಜನ ಹುಡುಕುತ್ತಿತ್ತು. ಎಸಿ ಕೋಣೆ, ಕರೆದೊಯ್ಯಲು ವ್ಯಾನು, ನನ್ನದಕ್ಕಿಂತ ಒಳ್ಳೆಯ ಸಂಬಳ. ಭದ್ರತೆಗೆಂದು ಫೋನು ಮಾತ್ರ ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಯಾರಿಗೂ ಹೇಳದೆ ಅರ್ಜಿ ಹಾಕಿದೆ. ಆನ್‌ಲೈನ್ ಸಂದರ್ಶನ, ಮಧ್ಯಾಹ್ನ ಎರಡಕ್ಕೆ ಎಂದು ಉತ್ತರ ಬಂತು.

ಎಲ್ಲಿ ಕೂರುವುದು? ಅಂಗಡಿಯಲ್ಲಿ ಯಜಮಾನರಿದ್ದಾರೆ. ನಮ್ಮ ಹಳ್ಳಿಯ ಮನೆಯಲ್ಲಿ ಸಿಗ್ನಲ್ಲು ಬೇಕೆಂದರೆ ಮಾಳಿಗೆ ಹತ್ತಬೇಕು. ಅದೃಷ್ಟಕ್ಕೆ ಅಂದು ನನಗೆ ಒಂದು ಎಣ್ಣೆ ಮಿಲ್ಲಿನಲ್ಲಿ ಕೆಲಸವಿತ್ತು, ಅಲ್ಲಿನ ಇಂಟರ್ನೆಟ್ಟು ನಾನೇ ಹಾಕಿದ್ದು. ಗುಮಾಸ್ತರು ಬುತ್ತಿ ಹಿಡಿದು ಅಂಗಳದ ಬೇವಿನ ಮರದಡಿಗೆ ಹೊರಟಾಗ, "ದೊಡ್ಡ ಅಪ್‌ಡೇಟ್ ಐತೆ ಸರ್, ಅರ್ಧ ಗಂಟೆ ಯಾರೂ ಒಳಗೆ ಬರಬಾರ್ದು" ಎಂದೆ.

ಆ ಮಿಲ್ಲಿನ ಬಗ್ಗೆ ಒಂದು ಮಾತು ಹೇಳಬೇಕು. ಶೇಂಗಾ ತಂದ ಟ್ರ್ಯಾಕ್ಟರುಗಳು ಅಂಗಳದಲ್ಲಿ ಸಾಲಾಗಿ ನಿಲ್ಲುತ್ತವೆ, ತೂಕಕ್ಕೆ ಒಂದೊಂದನ್ನೇ ನಂಬರ್ ಹೇಳಿ ಕರೆಯಬೇಕು. ಕೂಗಿ ಕೂಗಿ ಗುಮಾಸ್ತರ ಗಂಟಲು ಕೆಟ್ಟಿದ್ದರಿಂದ, ಎರಡು ತಿಂಗಳ ಹಿಂದೆ ನಾನೇ ಕಂಪ್ಯೂಟರಿನ ಸದ್ದನ್ನೂ ಮೇಜಿನ ಮೇಲಿನ ಮೈಕನ್ನೂ ಆಂಪ್ಲಿಫೈಯರಿಗೆ ಜೋಡಿಸಿ, ಛಾವಣಿಯ ಮೇಲೆ ಎರಡು ಹಾರ್ನ್ ಕಟ್ಟಿಸಿದ್ದೆ. ಕರೆಂಟು ಹೋದರೂ ಕೂಗು ನಿಲ್ಲಬಾರದೆಂದು ಎಲ್ಲಕ್ಕೂ ಯುಪಿಎಸ್ ಕೊಟ್ಟಿದ್ದೆ. ಮೂರು ವರ್ಷದಲ್ಲಿ ನಾನು ಮಾಡಿದ ಅತಿ ಅಚ್ಚುಕಟ್ಟಾದ ಕೆಲಸ ಅದು. ಆ ಮಧ್ಯಾಹ್ನ ಅದು ನನಗೆ ನೆನಪೇ ಆಗಲಿಲ್ಲ.

ಕಿಟಕಿ ಮುಚ್ಚಿ, ಕೂದಲು ಸರಿ ಮಾಡಿಕೊಂಡು ಆಫೀಸಿನ ಕಂಪ್ಯೂಟರಿನ ಮುಂದೆ ಕುಳಿತೆ. ಪಕ್ಕದಲ್ಲೇ ಗಾಣದ ಯಂತ್ರಗಳು ಗೋಡೆ ಅದುರುವಂತೆ ಸದ್ದು ಮಾಡುತ್ತಿದ್ದವು, ಹೊರಗಿನದೇನೂ ಕೇಳುತ್ತಿರಲಿಲ್ಲ, ಮೇಜಿನ ಪುಟ್ಟ ಸ್ಪೀಕರಿಗೆ ಕಿವಿ ಹಚ್ಚಿ ಕೂರಬೇಕಾಯಿತು. ತೆರೆಯ ಮೇಲೆ ಕನ್ನಡಕ ಹಾಕಿದ ಒಬ್ಬ ಮೇಡಂ ಬಂದರು. ಮೊದಲ ಪ್ರಶ್ನೆಗಳಿಗೆ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ಆಮೇಲೆ ಅವರು, "ನೀವು ಪತ್ತೆ ಹಚ್ಚಿದ ಅತಿ ಕಷ್ಟದ ತೊಂದರೆ ಯಾವುದು, ಹೇಳಿ" ಎಂದರು. ಅಷ್ಟು ಸಾಕಾಯಿತು ನನಗೆ.

ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ಮಾರುವ, ತೆಲುಗು ಬೆರೆಸಿ ಮಾತಾಡುವ ಒಬ್ಬ ಅಜ್ಜಿಯ ಕಥೆ ಶುರು ಮಾಡಿದೆ. ಅವರ ಮನೆಯಂಗಡಿಗೆ ಇಂಟರ್ನೆಟ್ ಹಾಕಿಕೊಟ್ಟಿದ್ದೆ. ವಾರಕ್ಕೊಮ್ಮೆ ಫೋನು: "ಅಮ್ಮಾಯಿ, ನೆಟ್ಟು ಬರ್ತಾ ಇಲ್ಲ." ಹೋಗಿ ನೋಡಿದರೆ ಎಲ್ಲ ಸರಿ, ಮೇಜಿನ ಮೇಲೆ ಇಂಟರ್ನೆಟ್ಟಿನ ಡಬ್ಬಿ ಪಳಪಳ ಹೊಳೆಯುತ್ತ ಕೂತಿರುತ್ತಿತ್ತು. ವೈರು ಬದಲಿಸಿದೆ, ಡಬ್ಬಿಯನ್ನೇ ಬದಲಿಸಿದೆ. ನಾನು ಚಳ್ಳಕೆರೆಗೆ ಮುಟ್ಟುವ ಹೊತ್ತಿಗೆ ಮತ್ತೆ ಫೋನು. ಒಂದು ದಿನ ಅವರ ಮನೆಯಲ್ಲಿ ಛತ್ರಿ ಮರೆತು, ಬಸ್ ಸ್ಟ್ಯಾಂಡಿನಿಂದ ವಾಪಸ್ಸು ಓಡಿದೆ. ಮೇಜಿನ ಮೇಲೆ ಡಬ್ಬಿ ಇಲ್ಲ. ವೈರು ಹಿಡಿದುಕೊಂಡು ಹೋದರೆ ಅದು ಕಬ್ಬಿಣದ ಬೀರುವಿನ ಬಾಗಿಲ ಸಂದಿಗೆ ಹೋಗಿದೆ!

"ಬೀರು ತೆಗೆದೆ ಮೇಡಂ. ಎರಡು ರೇಷ್ಮೆ ಸೀರೆ ನಡುವೆ, ಬಿಳಿ ಪಂಚೆಯಲ್ಲಿ ಸುತ್ತಿ, ಹುಳ ಹೊಡೀಬಾರ್ದು ಅಂತ ಪಕ್ಕಕ್ಕೆ ನಾಲ್ಕು ಲವಂಗ ಇಟ್ಟು, ಇಂಟರ್ನೆಟ್ಟನ್ನ ಮಲಗಿಸಿದಾರೆ! ಕಬ್ಬಿಣ ದಾಟಿ ಸಿಗ್ನಲ್ಲು ಹೆಂಗ್ ಬರ್ಬೇಕು? ಡಬ್ಬಿ ಹೊರಗಿಟ್ರೆ ಬಿಸಿಲಿಗೆ ಬಣ್ಣ ಹೋಗ್ತೈತಂತೆ. ನಾನು ಬರ್ತೀನಿ ಅಂದಾಗ ಮಾತ್ರ ತೆಗೆದು ಒರೆಸಿ ಇಡ್ತಿದ್ರಂತೆ, ಮರ್ಯಾದೆಗೆ!"

ಪಂಚೆಯ ಮಾತಿಗೆ ಬಂದಾಗಲೇ ಕರೆಂಟು ಹೋಗಿತ್ತು. ಗಾಣಗಳು ನರಳಿ ನಿಂತವು. ಆ ನಿಶ್ಶಬ್ದದಲ್ಲಿ "ಮರ್ಯಾದೆಗೆ!" ಎಂಬ ನನ್ನ ಮಾತು ಆಕಾಶದಿಂದ ಬಂದಂತೆ ಕೇಳಿಸಿತು. ಅದರ ಹಿಂದೆಯೇ ಹೊರಗೆ ಹತ್ತಾರು ಜನ ಹೋ ಎಂದು ನಕ್ಕರು.

ನಾನು ಆಂಪ್ಲಿಫೈಯರಿನ ಕಡೆ ನೋಡಿದೆ. ಕೆಂಪು ದೀಪ ಉರಿಯುತ್ತಿತ್ತು.

"ಅಲ್ಲಿ ಯಾರಾದರೂ ಇದ್ದಾರಾ?" ಎಂದರು ಮೇಡಂ. ಹಾರ್ನೂ ಅದನ್ನೇ ಕೇಳಿತು.

"ಟ್ರ್ಯಾಕ್ಟರು ಮೇಡಂ" ಎಂದೆ. ಮತ್ತೆ ನಗು.

ಅವರೂ ನಗುತ್ತಿದ್ದರು. "ಇಷ್ಟು ಖುಷಿಯಾಗಿ ಹೇಳ್ತೀರಲ್ಲ, ಮತ್ತೆ ಈ ಕೆಲಸ ಯಾಕೆ ಬಿಡ್ತಾ ಇದ್ದೀರಿ?"

ಆ ಪ್ರಶ್ನೆ ಇಡೀ ಅಂಗಳದ ಮೇಲೆ ಹಾದುಹೋಯಿತು. ಕಿಟಕಿಯ ಗಾಜಿನ ಮೂಲಕ ನೋಡಿದೆ. ಹಮಾಲರು ಚೀಲಗಳ ಮೇಲೆ ಕೂತು ಹಾರ್ನಿನತ್ತ ಮುಖ ಎತ್ತಿದ್ದರು. ಟ್ರ್ಯಾಕ್ಟರಿನವರು ಬೀಡಿ ಕೈಯಲ್ಲೇ ಹಿಡಿದು ನಿಂತಿದ್ದರು. ಗುಮಾಸ್ತರು ಎಂಜಲುಗೈ ಹಿಂದಕ್ಕಿಟ್ಟು, ಎಡಗೈಯಲ್ಲಿ ಫೋನನ್ನು ಹಾರ್ನಿಗೆ ಒಡ್ಡಿದ್ದರು. ಫೋನಿನ ಆ ಕಡೆ ಇರುವುದು ನಮ್ಮ ಯಜಮಾನರೇ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಸ್ವಿಚ್ಚು ಗೇಣು ದೂರದಲ್ಲಿತ್ತು, ಕೈಯನ್ನೂ ಚಾಚಿದ್ದೆ. "ಇಲ್ಲಿ ಬೆಳವಣಿಗೆಗೆ ಅವಕಾಶವಿಲ್ಲ" ಎಂಬ ಬಾಯಿಪಾಠದ ಉತ್ತರವೂ ಇತ್ತು. ಆದರೆ ಮಾನ ಹೋಗಿದ್ದು ಹೋಗೇ ಬಿಟ್ಟಿತ್ತು, ಇನ್ನು ಯಾರಿಗೆ ಹೆದರುವುದು? ಒಂಥರಾ ತಲೆ ತಿರುಗುವಂಥ ಧೈರ್ಯ ಬಂತು.

"ಕೆಲಸ ಬೇಡ ಅಂತ ಅಲ್ಲ ಮೇಡಂ. ಮೂರು ವರ್ಷದಿಂದ ಸಂಬಳ ಜಾಸ್ತಿ ಆಗಿಲ್ಲ. ಕೇಳೋಕೆ ನಂಗೆ ಬಾಯಿ ಬರಲ್ಲ. ಕೇಳೋದಕ್ಕಿಂತ ಬಿಟ್ಟು ಹೋಗೋದೇ ಸಲೀಸು ಅನ್ನಿಸ್ತು."

ಚೀಲಗಳ ಮೇಲಿಂದ ಯಾರೋ ಕೂಗಿದರು: "ಲೇ, ಈಗ ಕೇಳಿದಂಗೇ ಆತಲ್ಲಲೇ!"

ಸಂದರ್ಶನ ಹೇಗೆ ಮುಗಿಯಿತೋ ಗೊತ್ತಿಲ್ಲ. ಬ್ಯಾಗು ಎತ್ತಿಕೊಂಡು ತಲೆ ತಗ್ಗಿಸಿ ಅಂಗಳ ದಾಟುವಾಗ, "ಬಿಡಬ್ಯಾಡವ್ವ, ಗಟ್ಟಿಯಾಗಿ ಹಿಡ್ಕಾ" ಎಂದು ಒಬ್ಬರು, "ಆ ಲವಂಗದ್ದು ಇನ್ನೊಂದ್ಸಲ ಹೇಳವ್ವ" ಎಂದು ಇನ್ನೊಬ್ಬರು. ಅಳು ನಗು ಎರಡೂ ಒಟ್ಟಿಗೇ ಬಂದು ನನಗೆ ಬಿಕ್ಕಳಿಕೆ ಹತ್ತಿಕೊಂಡಿತು.

ಯಜಮಾನರು ಅಂಗಡಿಯ ಮೆಟ್ಟಿಲ ಮೇಲೇ ನಿಂತಿದ್ದರು. "ಮೂರು ವರ್ಷ ಆತು, ಒಂದ್ ದಿನಾನಾದ್ರೂ ಬಾಯಿ ಬಿಟ್ಟು ಕೇಳಿದ್ಯೇನವ್ವ?" ಎಂದರು.

"ನೀವು ಒಂದ್ ದಿನಾನಾದ್ರೂ ಕೊಡಬೇಕು ಅಂತ ಅಂದ್ಕೊಂಡ್ರಾ ಸರ್?" ಎಂದೆ, ಬಿಕ್ಕಳಿಸುತ್ತಲೇ. ಅವರು ಮುಖ ತಿರುಗಿಸಿ ರಸ್ತೆ ನೋಡಿದರು. ಆ ಕಡೆ ನೋಡುತ್ತಲೇ, ಮೊಳಕಾಲ್ಮುರು ಕಡೆಯ ಗಿರಾಕಿಗಳೆಲ್ಲ ಇನ್ನು ನಿನ್ನ ಜವಾಬ್ದಾರಿ, ಎಷ್ಟು ಬೇಕು ಹೇಳು ಎಂದರು. ಮನಸ್ಸಿನಲ್ಲಿ ಎಷ್ಟೋ ತಿಂಗಳಿಂದ ಇಟ್ಟುಕೊಂಡಿದ್ದ ಮೊತ್ತವನ್ನು ಹೇಳಿಯೇಬಿಟ್ಟೆ. ನಾನು ಬಾಯಿ ಮುಚ್ಚುವ ಮೊದಲೇ "ಆತು" ಎಂದರು.

ಎರಡು ದಿನ ಬಿಟ್ಟು ಗುತ್ತಿಗೆ ಕಂಪನಿಯಿಂದಲೂ ಪತ್ರ ಬಂತು: ಆಯ್ಕೆಯಾಗಿದ್ದೀರಿ. ಯಜಮಾನರು ಒಪ್ಪಿದ್ದಕ್ಕಿಂತ ಅಲ್ಲಿ ಇನ್ನೂ ಹೆಚ್ಚಿತ್ತು. ಕಲಿಯುವುದೂ ಇತ್ತು, ದೊಡ್ಡ ಸರ್ವರುಗಳನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೆ. ಆದರೆ ಒಪ್ಪಂದ ವರ್ಷ ವರ್ಷಕ್ಕೆ. ಮತ್ತೆ ಆ ಗೇಟಿನಲ್ಲಿ ಫೋನು ಕೊಡುವ ಮಾತು. "ಅಮ್ಮಾಯಿ" ಎಂದು ಯಾರೂ ಕರೆಯದ ಒಂದಿಡೀ ಹಗಲನ್ನು ಕಣ್ಮುಂದೆ ತಂದುಕೊಂಡೆ. ಕೈಗೆ ಸಿಕ್ಕಿದ್ದನ್ನು ಬಿಡುವ ದಡ್ಡಿಯೇನೋ ಎಂದು ಒಂದು ದಿನ ಊಟ ಸೇರಲಿಲ್ಲ. ಆಮೇಲೆ, ಹಾರ್ನಿನಲ್ಲಿ ಕೇಳಿದ ನನ್ನದೇ ದನಿ ನೆನಪಾಯಿತು. ಅಷ್ಟು ಸಂತೋಷದಲ್ಲಿ ಮಾತಾಡುವ ಹೆಣ್ಣನ್ನು ನಾನೂ ಅದಕ್ಕೆ ಮೊದಲು ಕೇಳಿರಲಿಲ್ಲ. ಮೇಡಂಗೆ ಕ್ಷಮೆ ಕೇಳಿ, ಬರುವುದಿಲ್ಲವೆಂದು ಪತ್ರ ಬರೆದೆ.

ಮರುದಿನ ಮೊಳಕಾಲ್ಮುರಿಗೆ ಹೋದೆ. ಸುದ್ದಿ ನನಗಿಂತ ಮೊದಲಿನ ಬಸ್ಸಿಗೇ ಬಂದಿತ್ತು. ಅಜ್ಜಿ ಟೀ ಕೊಟ್ಟು, ಎದುರಿಗೆ ಕೂತು, "ಎಷ್ಟು ಸಂಬಳ ಕೇಳ್ದೆ?" ಎಂದರು. ಕಿವಿಯಲ್ಲಿ ಹೇಳಿದೆ.

"ಅವ್ರು ಏನಂದ್ರು?"

"ತಕ್ಷಣ ಒಪ್ಪಿದ್ರು ಅಜ್ಜಿ!"

ಅಜ್ಜಿ ಹಣೆ ಚಚ್ಚಿಕೊಂಡರು. "ಅಯ್ಯೋ ಪಿಚ್ಚಿ ಪಿಲ್ಲಾ, ಹುಚ್ಚು ಹುಡುಗಿ! ನಲವತ್ತು ವರ್ಷದಿಂದ ಸೀರೆ ಮಾರ್ತಾ ಇದೀನಿ. ಗಿರಾಕಿ ತಕ್ಷಣ ಒಪ್ಪಿದ್ರೆ ನೀನು ಕಮ್ಮಿ ಹೇಳಿದೀಯ ಅಂತ ಅರ್ಥ!"

ಟೀ ಲೋಟ ಕೆಳಗಿಟ್ಟೆ. ಮೇಜಿನ ಮೇಲೆ ಬಟ್ಟೆಯಿಲ್ಲದ ಡಬ್ಬಿ ಹಸಿರು ದೀಪ ಮಿಟುಕಿಸುತ್ತಿತ್ತು. ಅಲ್ಲೇ, ಅಜ್ಜಿಯ ಎದುರಿಗೇ, ಯಜಮಾನರಿಗೆ ಫೋನು ಹಚ್ಚಿದೆ. "ಏನವ್ವ, ಇಂಕು ಬೇಕಾ?" ಎಂದರು. "ಇಲ್ಲ ಸರ್, ಸಂಬಳದ ಮಾತು" ಎಂದೆ. ಈ ಸಲ ಹಾರ್ನ್ ಬೇಕಾಗಲಿಲ್ಲ.