ಹಾಲವ್ವನ ಹಿಡಿ ಅಕ್ಕಿ

ಹಾಲವ್ವ ಎಲ್ಲ ಮರೆತು ಸುಮ್ಮನಿರಬೇಕಿತ್ತು ಎಂದು ಇವತ್ತಿಗೂ ಹೇಳುವ ನೆಂಟರು ನನಗಿದ್ದಾರೆ. ಅವರ ಮನೆಗೆ ಹೋಗುವುದನ್ನೇ ನಾನು ಬಿಟ್ಟಿದ್ದೇನೆ.

ಸಾಂತಾಕ್ರೂಜಿನ ನಮ್ಮ ಸೊಸೈಟಿಯಲ್ಲಿ ಪಾತ್ರೆ ತೊಳೆಯುವ ಹಾಲವ್ವ ಬಿಜಾಪುರದ ಕಡೆಯವಳು. ಬಿಲ್ಡಿಂಗ್ ಕೆಲಸಕ್ಕೆಂದು ಬಂದ ಗಂಡ ಇಲ್ಲೇ ಕಾಮಾಲೆಯಿಂದ ತೀರಿಕೊಂಡ. ಆಮೇಲೆ ಅವಳು ಮಾಟುಂಗದಲ್ಲಿ ನನ್ನ ಚಿಕ್ಕಪ್ಪನ ಮಗ ಸತ್ಯಮೂರ್ತಿಯ ಮನೆ ಸೇರಿದಳು. ಅವನ ಹೆಂಡತಿ ಪಂಕಜಾ, ಕೈಗೂಸು ಕಿಟ್ಟು, ಮಡಿಯಲ್ಲಿ ಮುಳುಗೇಳುವ ನನ್ನ ಚಿಕ್ಕಮ್ಮ, ಇಷ್ಟೇ ಜನ. ಹಾಲವ್ವ ಮಗುವನ್ನು ಎತ್ತಿ ಆಡಿಸಬಹುದಿತ್ತು, ಅಡುಗೆಮನೆಯ ಹೊಸಿಲು ಮಾತ್ರ ದಾಟುವಂತಿರಲಿಲ್ಲ.

ಎಂಬತ್ನಾಲ್ಕರಲ್ಲಿ ಸತ್ಯಮೂರ್ತಿಗೆ ನ್ಯೂಜೆರ್ಸಿಯಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷದ ಕಿಟ್ಟುವನ್ನು ನೋಡಿಕೊಳ್ಳಲು ಹಾಲವ್ವನನ್ನೂ ಕರೆದೊಯ್ದರು. "ನಿನ್ನ ಹಣೆಬರಹ ತೆರೀತು ಕಣೇ, ಅದು ದುಡಿಯೋರ ದೇಶ," ಎಂದು ಪಂಕಜಾ ಅವಳಿಗೆ ಹೊಸ ಸೀರೆ ಉಡಿಸಿದಳು. ಹಾಲವ್ವನ ನೆಂಟರಿದ್ದ ಚಾಳಿನವರೆಲ್ಲ ಏರ್‌ಪೋರ್ಟಿನ ಬೇಲಿಯ ತನಕ ಹೋಗಿ ಕೈ ಬೀಸಿ ಬಂದರು.

ಹೊಸಿಲು ವಿಮಾನದಿಂದ ಎಲ್ಲೋ ಕೆಳಗೆ ಬಿದ್ದುಹೋಯಿತು. ಅಲ್ಲಿ ಅನ್ನ, ಹುಳಿ, ತೊವ್ವೆ ಎಲ್ಲವೂ ಹಾಲವ್ವನದೇ. ಮಾಟುಂಗಕ್ಕೆ ಫೋನ್ ಮಾಡಿದಾಗ ಮಾತ್ರ ಪಂಕಜಾ, "ಎಲ್ಲಾ ನನ್ನ ಕೈಯಡುಗೇನೇ ಅತ್ತೆ," ಎನ್ನುತ್ತಿದ್ದಳು. ಹಾಲವ್ವನ ಪಾಸ್‌ಪೋರ್ಟ್ ಅವರ ಬೀರುವಿನಲ್ಲಿತ್ತು, ಹಾಸಿಗೆ ನೆಲಮಾಳಿಗೆಯಲ್ಲಿ. ಗಂಡ ಹೆಂಡತಿ ಹೊರಗೆ ಹೊರಟರೆ ನೆಲಮಾಳಿಗೆಯ ಬಾಗಿಲಿಗೆ ಆಚೆಯಿಂದ ಚಿಲಕ. ಕೇಳಿದರೆ, ನಿನ್ನ ಒಳ್ಳೆಯದಕ್ಕೇ, ಹೊರಗೆ ಕಂಡರೆ ಪೊಲೀಸರು ಹಿಡಿಯುತ್ತಾರೆ ಎಂಬ ಉತ್ತರ.

ಕಿಟ್ಟು ಶಾಲೆ ಸೇರಿದ. ಬೆಳಿಗ್ಗೆ ಬಾವುಟದ ಮುಂದೆ ಎದೆಯ ಮೇಲೆ ಕೈಯಿಟ್ಟು ಹೇಳುವುದನ್ನು ಸಂಜೆ ತಾನು ಹಾಲಿ ಎನ್ನುತ್ತಿದ್ದ ಹಾಲವ್ವನ ಮುಂದೆ ಹೇಳಿ ತೋರಿಸುತ್ತಿದ್ದ. ಅದರ ಅರ್ಥವೇನೆಂದು ಅವಳು ಕೇಳಿದರೆ, "ಎಲ್ರೂ ಫ್ರೀ, ಎಲ್ರಿಗೂ ನ್ಯಾಯ," ಎನ್ನುತ್ತಿದ್ದ. ಒಂದು ದಿನ ಶಾಲೆಯಲ್ಲಿ ಗುಲಾಮರ ಬಿಡುಗಡೆಯ ಕತೆ ಕೇಳಿ ಬಂದವನು, "ಹಾಲಿ ನಮ್ಮ ಗುಲಾಮಳಾ?" ಎಂದು ಅಮ್ಮನನ್ನೇ ಕೇಳಿ ಕೆನ್ನೆಗೆ ಏಟು ತಿಂದ. ಆ ವಾರವೇ ಅವರು ಅವನನ್ನು ಟೀವಿಯ ಮುಂದೆ ಕೂರಿಸಿ ಹೊರಗೆ ಹೋದಾಗ, ಆರು ವರ್ಷದ ಆ ಹುಡುಗ ಸ್ಟೂಲು ಹತ್ತಿ ಚಿಲಕ ತೆಗೆದ.

ಹಾಲವ್ವ ಹಿಮದಲ್ಲಿ ಬರಿಗಾಲಲ್ಲಿ ನಡೆದು ಪಕ್ಕದ ಮನೆಯ ಮುದುಕಿಯ ಬಾಗಿಲಲ್ಲಿ ಕೂತಳು. ಇವಳ ಭಾಷೆ ತಿಳಿಯದಿದ್ದರೂ ಆ ಮುದುಕಿಗೆ ಕಣ್ಣಿತ್ತು. ಆಕೆ ಪೊಲೀಸರ ಮಾತೆತ್ತಿದ್ದೇ ಸತ್ಯಮೂರ್ತಿ ನಡುಗಿಹೋಗಿ, ಹಾಲವ್ವನನ್ನು ಕೂಡಲೇ ವಿಮಾನ ಹತ್ತಿಸಿದ. ಇಲ್ಲಿ ಮಾತ್ರ, ಅವಳು ಕದ್ದಳು, ಅದಕ್ಕೇ ಕಳಿಸಿದೆವು ಎಂದು ಸಾರಿದರು. ಅವಳಿಗೆ ಕೆಲಸ ಕೊಟ್ಟವಳು ನಾನೊಬ್ಬಳೇ.

ತೊಂಬತ್ತರಲ್ಲಿ ಅವರು ಕಿಟ್ಟುವಿನ ಮುಂಜಿಗೆ ಬಂದರು. ಈಗ ಪಂಕಜಾಳಿಗೆ ಇನ್ನೊಂದು ಹೆಣ್ಣುಮಗು, ಅದಕ್ಕೊಬ್ಬಳು ಆಳು ಬೇಕು. ಅವಳ ಧೈರ್ಯ ನೋಡಿ, ಅದೇ ಚಾಳಿಗೆ ಹೋಗಿ ಹಾಲವ್ವನ ತೀರಿಹೋದ ತಂಗಿಯ ಮಗಳು ಚನ್ನವ್ವನನ್ನೇ ಒಪ್ಪಿಸಿದಳು! ಹುಡುಗಿಯ ಅಪ್ಪ ಅಮೆರಿಕವೆಂದರೆ ಕರಗಿಹೋದ. ಚನ್ನವ್ವನಂತೂ, "ದೊಡ್ಡವ್ವಾ, ನಿನಗ ಹೊಟ್ಟಿಕಿಚ್ಚು," ಎಂದು ಮುಖಕ್ಕೇ ಹೇಳಿ ಮಾಟುಂಗದ ಮನೆಗೆ ಹೋಗಿ ಮಗುವನ್ನು ಎತ್ತಿಕೊಂಡಳು. ಹುಡುಗಿಯ ಪಾಸ್‌ಪೋರ್ಟ್ ಆಗಲೇ ಪಂಕಜಾಳ ಬ್ಯಾಗು ಸೇರಿತ್ತು. ಮುಂಜಿಯ ಮರುದಿನವೇ ವಿಮಾನ.

ಹಾಲವ್ವ ಹೋಗಿ ಹುಡುಗಿಯನ್ನು ಬಿಟ್ಟುಬಿಡಿ ಎಂದು ಬೇಡಿದಳು. "ಅವಕಾಶ ಸಿಕ್ಕಾಗ ಉಳಿಸಿಕೊಳ್ಳೋ ಯೋಗ್ಯತೆ ನಿನಗಿರಲಿಲ್ಲ, ಅವಳಿಗಾದರೂ ಇರಲಿ," ಎಂದು ಪಂಕಜಾ ಬಾಗಿಲು ಹಾಕಿಕೊಂಡಳು.

ಹಾಲವ್ವ ನೇರ ನನ್ನ ಹತ್ತಿರ ಬಂದಳು. ಅಳಲಿಲ್ಲ. "ಸರಸ್ವತಕ್ಕಾರ, ಆ ಬಾಗಲಾ ನನ್ನ ಮುಂದ ಮತ್ತ ಹಾಕ್ಯಾಳ್ರಿ. ಈ ಸಲ ನಾ ಬಿಡಂಗಿಲ್ಲ."

ನಾನೂ ಬಿಡುವವಳಲ್ಲ. ಮುಂಜಿಯ ದಿನ ಬೆಳಿಗ್ಗೆ ನನ್ನ ಮೈಸೂರು ರೇಷ್ಮೆ ಸೀರೆಯನ್ನು ಅವಳಿಗೆ ಉಡಿಸಿದೆ, ಬೆಳ್ಳಿ ಬಟ್ಟಲಿಗೆ ಅಕ್ಕಿ ತುಂಬಿ ಕೈಗೆ ಕೊಟ್ಟೆ.

ಮುಂಜಿಯ ಹಾಲ್‌ನಲ್ಲಿ ಸತ್ಯಮೂರ್ತಿ ತಿಂಡಿಯ ಹೊತ್ತಿಗೇ ಭಾಷಣ ಶುರು ಮಾಡಿದ್ದ. "ಅಲ್ಲಿ ಕಸ ಗುಡಿಸೋನೂ ನಾನೂ ಒಂದೇ. ಮನುಷ್ಯನಿಗೆ ಬೆಲೆ ಅಂದ್ರೆ ಅಲ್ಲಿ!" ನೆಂಟರು ಇಡ್ಲಿ ನುಂಗುತ್ತ ತಲೆಯಾಡಿಸಿದರು.

ಭಿಕ್ಷೆಯ ಹೊತ್ತು ಬಂತು. ವಟು ಮೊದಲು ತಾಯಿಯನ್ನು ಬೇಡುತ್ತಾನೆ, ಆಮೇಲೆ ಸಾಲಾಗಿ ಬರುವ ಮುತ್ತೈದೆಯರನ್ನು. ಬೇಡಿದ ಮೇಲೆ ಭಿಕ್ಷೆ ಬೀಳುವ ತನಕ ತಟ್ಟೆ ಹಿಂದೆಗೆಯಬಾರದು ಎಂದು ಪುರೋಹಿತರು ಕಿಟ್ಟುವಿಗೆ ಪಾಠ ಮಾಡಿದ್ದರು. ಹುಡುಗ ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ನಾನು ಭಿಕ್ಷೆ ಹಾಕಿ ಪಕ್ಕಕ್ಕೆ ಸರಿದೆ. ನನ್ನ ಹಿಂದೆ ಸೆರಗನ್ನು ಹಣೆಯ ತನಕ ಎಳೆದುಕೊಂಡು ಹಾಲವ್ವ ನಿಂತಿದ್ದಳು.

"ಭವತಿ ಭಿಕ್ಷಾಂ ದೇಹಿ," ಎಂದ ಕಿಟ್ಟು. ಹಾಲವ್ವ ಮುಷ್ಟಿ ತುಂಬ ಅಕ್ಕಿ ತೆಗೆದು ತಟ್ಟೆಯ ಮೇಲೆ ಹಿಡಿದಳು, ಸೆರಗು ಸರಿಸಿದಳು, ಮುಷ್ಟಿ ಬಿಚ್ಚಲಿಲ್ಲ.

"ಹಾಲಿ!" ಎಂದು ಹುಡುಗ ಕೂಗಿದ.

"ಕೊಡ್ತೀನಿ ನನ್ನಪ್ಪಾ. ಮೊದಲ ನಿಮ್ಮವ್ವ ನಮ್ಮ ಚನ್ನವ್ವನ ಪಾಸ್‌ಪೋರ್ಟ್ ಕೊಡ್ಲಿ."

ಪಂಕಜಾ ಕಿರುಚಿದಳು. "ಇವಳನ್ನ ಯಾರು ಒಳಗೆ ಬಿಟ್ಟಿದ್ದು? ಕಳ್ಳಿ! ಗಂಡ ಸತ್ತೋಳು ಬಂದು ಭಿಕ್ಷೆ ಹಾಕೋದಾ? ಆಚೆ ಕಳಿಸ್ರೀ!"

"ಯಾರೇ ಇದು?" ಎಂದರು, ರೇಷ್ಮೆ ಸೀರೆಯಲ್ಲಿದ್ದ ಹಾಲವ್ವನ ಗುರುತು ಹತ್ತದ ಚಿಕ್ಕಮ್ಮ.

ಕಿಟ್ಟು ತಟ್ಟೆ ಹಿಡಿದೇ ಉತ್ತರ ಕೊಟ್ಟ. "ಅಜ್ಜಿ, ಇದು ಹಾಲಿ. ನಮ್ಮನೇಲಿ ಕುಕಿಂಗ್ ಎಲ್ಲಾ ಹಾಲೀನೇ ಮಾಡ್ತಿತ್ತು. ಮಮ್ಮಿ ಬೇಸ್‌ಮೆಂಟಲ್ಲಿ ಲಾಕ್ ಮಾಡ್ತಿದ್ರು. ನಾನು ಓಪನ್ ಮಾಡಿದೆ."

ವಾಲಗದವರು ಕೂಡ ನಿಲ್ಲಿಸಿಬಿಟ್ಟರು. ಚಿಕ್ಕಮ್ಮ ಸೊಸೆಯ ಕಡೆ ತಿರುಗಿದರು. ಅವರ ಸಿಟ್ಟು ಚಿಲಕದ ಮೇಲಲ್ಲ, ಅಡುಗೆಯ ಮೇಲೆ ಎಂಬುದು ನನಗೆ ಗೊತ್ತು. ಆದರೂ ಆ ಹೊತ್ತಿಗೆ ಅದೇ ಸಾಕಿತ್ತು. ಪಂಕಜಾಳ ಮುಖ ಸುಣ್ಣವಾದುದನ್ನು ನಾನು ಕಣ್ತುಂಬ ನೋಡಿದೆ. ಮೂಲೆಯಲ್ಲಿ ಮಗುವನ್ನು ಎತ್ತಿಕೊಂಡಿದ್ದ ಚನ್ನವ್ವ ಬಂದು ಅದನ್ನು ಪಂಕಜಾಳ ಮಡಿಲಿಗೆ ಹಾಕಿದಳು. ಆಮೇಲೆ ದೊಡ್ಡವ್ವನ ಪಕ್ಕ ಹೋಗಿ ನಿಂತಳು.

"ಮುಹೂರ್ತ ಮೀರುತ್ತೆ, ಮಗು ತಟ್ಟೆ ಹಿಡಿದು ನಿಂತಿದೆ, ಏನಾದರೂ ಮಾಡಿ," ಎಂದು ಪುರೋಹಿತರು ಗೋಗರೆದರು. ಕಸ ಗುಡಿಸುವವನಿಗೆ ಸಮನಾದ ನನ್ನ ತಮ್ಮ ಸತ್ಯಮೂರ್ತಿ ಪಂಚೆ ಎತ್ತಿ ಕಟ್ಟಿಕೊಂಡು ಓಡಿಹೋಗಿ ಪಾಸ್‌ಪೋರ್ಟ್ ತಂದುಕೊಟ್ಟ.

ಹಾಲವ್ವ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುಷ್ಟಿ ಆಗಲೂ ಬಿಚ್ಚಲಿಲ್ಲ.

"ಹುಡುಗ ಬೇಡಿದ್ದಾತ್ರಿ. ಈಗ ನೀವು ಬೇಡ್ರಿ, ಅಕ್ಕಾರ."

"ಕೊಡು..." ಎಂದಳು ಪಂಕಜಾ ನೆಲ ನೋಡುತ್ತ.

"ಕೇಳಸಲಿಲ್ರಿ."

"ಕೊಡು ಹಾಲವ್ವ. ಕೈ ಮುಗೀತೀನಿ."

ಆಗ ಮುಷ್ಟಿ ಬಿಚ್ಚಿತು. ಅಕ್ಕಿ ತಟ್ಟೆಗೆ ಬಿತ್ತು. ಕಿಟ್ಟುವಿನ ಬೋಳುತಲೆಯನ್ನು ಒಮ್ಮೆ ಸವರಿ, ಹಾಲವ್ವ ಯಾರ ಮುಖವನ್ನೂ ನೋಡದೆ ಹೊರಬಂದಳು.

ಚನ್ನವ್ವನೂ ಸೇರಿ ಮೂವರೂ ಮಾಟುಂಗ ರೋಡ್‌ನಲ್ಲಿ ಲೋಕಲ್ ರೈಲು ಹತ್ತಿದೆವು. ಊಟವಿಲ್ಲದಿದ್ದರೂ ನನ್ನ ಹೊಟ್ಟೆ ತಣ್ಣಗಿತ್ತು. "ಸಮಾಧಾನ ಆಯ್ತಾ ಹಾಲವ್ವ?" ಎಂದು ಕೇಳಿದೆ.

ಅವಳು ಬೆಳ್ಳಿ ಬಟ್ಟಲನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

"ಎಲ್ಲೀದ್ರಿ? ಆ ಬಾಗಲದ ಹಿಂದ ನಿಂತು ನಾಕು ವರ್ಷ ಬೇಡೀನಿ ನಾ. ಆಕಿ ಬೇಡಿದ್ದು ಎರಡಽ ಸಲ."