ವರ್ತೂರಿನ ಮೊಳೆ, ನಿಂಗ್ಬೋದ ಗೋಡೆ

ವರ್ತೂರಿನ ಕೆರೆ ಕೋಡಿಯ ಹತ್ತಿರ ಯಾರನ್ನಾದರೂ ನಿಲ್ಲಿಸಿ ‘ಓನರ್ ಮನೆ ಎಲ್ಲಿ’ ಎಂದು ಕೇಳಿದರೆ ಶ್ಯಾಮಣ್ಣನವರ ಮನೆಯನ್ನೇ ತೋರಿಸುತ್ತಾರೆ. ಆ ಬೀದಿಯಲ್ಲಿ ಬಾಡಿಗೆಗೆಂದು ಮನೆ ಕಟ್ಟಿಸಿದವರು ಬೇರೆ ಯಾರೂ ಇಲ್ಲವೆಂದಲ್ಲ. ಆದರೆ ಉಳಿದವರೆಲ್ಲ ಬಾಡಿಗೆ ಈಸಿಕೊಳ್ಳುವ ದಿನ ಮಾತ್ರ ಓನರ್. ಶ್ಯಾಮಣ್ಣನವರು ಬೆಳಿಗ್ಗೆ ಹಲ್ಲುಜ್ಜುವಾಗಲೂ ಓನರ್. ಸೊಪ್ಪು ಬೆಳೆಯುತ್ತಿದ್ದ ಜಮೀನಿನ ಬಹುಭಾಗ ಅಪಾರ್ಟ್‌ಮೆಂಟಿನವರ ಪಾಲಾಗಿ, ಉಳಿದ ತುಂಡಿನ ಮೇಲೆ ನಾಲ್ಕು ಅಂತಸ್ತು ಎದ್ದ ದಿನದಿಂದ ಅವರು ನಡೆಯುವ ರೀತಿಯೇ ಬದಲಾಯಿತೆಂದು ನೋಡಿದವರು ಹೇಳುತ್ತಾರೆ. ಕೈಗಳು ಬೆನ್ನ ಹಿಂದೆ ಹೋದವು, ದೃಷ್ಟಿ ಮೇಲಕ್ಕೆ ಹೋಯಿತು. ನೀರಿನ ಟ್ಯಾಂಕು ಮೇಲಿರುವುದರಿಂದ ಇರಬಹುದು.

ಮನೆ ಕೇಳಿಕೊಂಡು ಬಂದವರನ್ನು ಅವರು ಊರು, ಊಟ, ನೆಂಟರ ಓಡಾಟ, ಒಗ್ಗರಣೆಯ ಘಾಟು ಎಲ್ಲದರ ಬಗ್ಗೆಯೂ ವಿಚಾರಿಸುತ್ತಿದ್ದರು. ಉತ್ತರ ಏನೇ ಬಂದರೂ ಮನೆ ಕೊಡುತ್ತಿದ್ದರು. ವಿಚಾರಣೆ ಓನರಿನ ಮರ್ಯಾದೆಗೆ, ಅಷ್ಟೆ. ರಾಜಿಯ ಮಾತೇ ಇಲ್ಲದ ವಿಷಯ ಒಂದಿತ್ತು: ಗೋಡೆಗೆ ಮೊಳೆ ಹೊಡೆಯಕೂಡದು.

“ಮೊಳೆ ಒಡುದ್ರೆ ಗ್ವಾಡೆಗಲ್ಲ, ನನ್ನ ಎದೆಗೆ ಒಡ್ದಂಗೆ” ಎನ್ನುತ್ತಿದ್ದರು.

ತಿಂಗಳ ಮೊದಲ ಭಾನುವಾರ ತಪಾಸಣೆ. ಎತ್ತು ಕೊಳ್ಳುವವರು ಬೆನ್ನು ಸವರಿ ನೋಡುವಂತೆ ಗೋಡೆಯ ಉದ್ದಕ್ಕೂ ಅಂಗೈ ಆಡಿಸುತ್ತ ಹೋಗುತ್ತಿದ್ದರು. ಮೊಳೆ ಸಿಕ್ಕರೆ ಸ್ವಂತ ಕೈಯಿಂದ ಕಿತ್ತು, ಮನೆಗೆ ತಂದು ಹಳೆಯ ಬೋರ್ನ್‌ವಿಟಾ ಡಬ್ಬಿಗೆ ಹಾಕುತ್ತಿದ್ದರು. ನೆಲಮಹಡಿಯ ಬಾಡಿಗೆಯ ಹೊಳೆವ್ವನದೂ ಒಂದು ಮೊಳೆ ಅದರಲ್ಲಿತ್ತು. ಕುಷ್ಟಗಿ ಕಡೆಯಿಂದ ಗಂಡ ಸೋಮಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಬಂದ ಆಕೆ ಹುಲಿಗೆಮ್ಮನ ಪಟ ತೂಗುಹಾಕಲು ಅದನ್ನು ಹೊಡೆದಿದ್ದಳು.

“ದೇವ್ರು ಮನಸ್ನಾಗಿರ್ಬೇಕು ಕಣಮ್ಮಾ, ಗ್ವಾಡೆ ಮ್ಯಾಲಲ್ಲ” ಎಂದು ಶ್ಯಾಮಣ್ಣ ಉಪದೇಶಿಸಿ ಮೊಳೆ ಕಿತ್ತಿದ್ದರು.

“ಹೌದ್ರೀ ಮಾಲಕರ” ಎಂದು ಹೊಳೆವ್ವ ಹುಲಿಗೆಮ್ಮನನ್ನು ಕಿಟಕಿಯ ಕಟ್ಟೆಯ ಮೇಲೆ ಕೂರಿಸಿದ್ದಳು.

ಇಂಥ ಶ್ಯಾಮಣ್ಣ ಚೀನಾಕ್ಕೆ ಹೋಗಿ ನೆಲೆಸಬೇಕಾಗಿ ಬಂದದ್ದು ಮಗಳು ದಿವ್ಯಾಳಿಂದ. ಆಕೆ ಪೀಣ್ಯದ ಒಂದು ಪಂಪ್ ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ಪರೀಕ್ಷಿಸುವವಳು. ಪಂಪಿನ ಎರಕದ ಭಾಗಗಳು ಚೀನಾದ ನಿಂಗ್ಬೋ ಎಂಬ ಬಂದರು ಪಟ್ಟಣದಿಂದ ಬರುತ್ತಿದ್ದವು. ಹಡಗಿನಲ್ಲಿ ಇಷ್ಟು ದೂರ ಬಂದ ಮೇಲೆ ತಿರಸ್ಕರಿಸುವ ಬದಲು ಅಲ್ಲೇ ನಿಂತು ತಿರಸ್ಕರಿಸಲಿ ಎಂದು ಕಂಪನಿ ಅವಳನ್ನು ಮೂರು ವರ್ಷಕ್ಕೆ ಅಲ್ಲಿಗೇ ಕಳಿಸಿತು. ಗಂಡನಿಗೂ ಅಲ್ಲೇ ಕೆಲಸ ಸಿಕ್ಕಿತು, ಆದರೆ ವಾರದಲ್ಲಿ ಮೂರು ನಾಲ್ಕು ದಿನ ಬೇರೆ ಊರುಗಳ ತಿರುಗಾಟ. ಅಲ್ಲೇ ಒಂದು ಹೆಣ್ಣು ಮಗುವೂ ಆಯಿತು. ರಜೆ ಮುಗಿದು ಕೆಲಸಕ್ಕೆ ಮರಳುವ ದಿನ ಹತ್ತಿರವಾದಾಗ ಮಗು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಎದ್ದಿತು. ವರ್ತೂರಿನಲ್ಲಿ ಅವಳ ತಾಯಿ ಭಾಗ್ಯಮ್ಮ “ನಾನೇ ಒಂಟೋಯ್ತೀನಿ” ಎಂದು ಸೀರೆ ಮಡಿಚಲು ಶುರುಮಾಡಿದರು.

ಭಾಗ್ಯಮ್ಮ ಇಲ್ಲದ ಮನೆಯಲ್ಲಿ ಶ್ಯಾಮಣ್ಣ ಮೂರು ಹೊತ್ತು ಕಳೆಯುವುದೂ ಅನುಮಾನ, ವರ್ಷಗಟ್ಟಲೆ ಇರುವುದಂತೂ ದೂರದ ಮಾತು. ಜೊತೆಗೆ ಆ ಮೊಮ್ಮಗಳು. ವಿಡಿಯೋ ಕರೆಯಲ್ಲಿ ತಾತನ ಮುಖ ಕಂಡ ಕೂಡಲೇ ಬಾಯಿ ತೆರೆದು ಫೋನಿನ ಮೇಲೆ ಎರಗಿ ಅವರ ಮೂಗನ್ನು ಕಚ್ಚಲು ನೋಡುತ್ತಿತ್ತು. ಮೂಗನ್ನು ಖುದ್ದಾಗಿ ಒಪ್ಪಿಸಿ ಬರಬೇಕೆಂದು ಅವರಿಗೂ ಆಸೆಯಾಗಿತ್ತು. ಆದರೆ ಹೊರಗೆ ಹೇಳಿಕೊಂಡದ್ದು ಬೇರೆ. ಬೇಕರಿ ಈರಪ್ಪನ ಮುಂದೆ “ಚೀನಾಕ್ಕೆ ಶಿಫ್ಟ್ ಆಯ್ತಾ ಇದೀನಿ” ಎಂದರು.

“ಅಲ್ಲೋಗಿ ಏನಾಗಿರ್ತೀರಣ್ಣಾ?” ಎಂದು ಈರಪ್ಪ ಬನ್ನು ಕಟ್ಟುತ್ತ ಕೇಳಿದ.

“ಏನಾಗಿರ್ತೀನಿ ಅಂದ್ರೆ? ಇಲ್ಲೇನಾಗಿದೀನೋ ಅಲ್ಲೂ ಅದೇ.”

ನೀರಿನ ಮೋಟರಿನ ಜವಾಬ್ದಾರಿಯನ್ನೂ ಗೇಟಿನ ಕೀಲಿಯನ್ನೂ ಹೊಳೆವ್ವನಿಗೆ ವಹಿಸಿದರು. ಸೂಟ್‌ಕೇಸಿನಲ್ಲಿ ಹುರಿಹಿಟ್ಟು, ರಾಗಿ, ಸಾರಿನಪುಡಿ, ಕುಟ್ಟಾಣಿ, ಮನೆದೇವರು ಮುನೇಶ್ವರನ ಪಟ ತುಂಬಿದ ಮೇಲೆ, ಚೀನಾದಲ್ಲಿ ಸಿಗುತ್ತದೋ ಇಲ್ಲವೋ ಎಂದು ಬೋರ್ನ್‌ವಿಟಾ ಡಬ್ಬಿಯಿಂದ ಒಂದು ಹಿಡಿ ಮೊಳೆಯನ್ನೂ ಹಾಕಿಕೊಂಡರು. ಆ ಮೊಳೆಗಳು ಎಲ್ಲಿಂದ ಹಡಗೇರಿ ವರ್ತೂರಿಗೆ ಬಂದಿದ್ದವೋ ಯಾರು ಬಲ್ಲರು.

ಎರಡು ವಿಮಾನ ಬದಲಿಸಿ ನಿಂಗ್ಬೋದಲ್ಲಿ ಇಳಿದಾಗ ಸಂಜೆಯಾಗಿತ್ತು. ಅಪ್ಪ ಅಮ್ಮ ಬರುತ್ತಾರೆಂದೇ ದಿವ್ಯಾ ಆ ವಾರ ದೊಡ್ಡದೊಂದು ಬಾಡಿಗೆ ಮನೆಗೆ ಬದಲಾಗಿದ್ದಳು. ಟ್ಯಾಕ್ಸಿಯಲ್ಲಿ ಕೂತು ವಿವರಿಸಿದಳು:

“ಅಪ್ಪ, ನಾಳೆ ಓನರ್ ಮೇಡಂ ಬರ್ತಾರೆ. ಫಾರಿನರ್ಸ್ ಬಂದ್ರೆ ಇಪ್ಪತ್ನಾಲ್ಕು ಗಂಟೆಯೊಳಗೆ ಪೊಲೀಸ್ ಸ್ಟೇಷನ್ನಲ್ಲಿ ಹೆಸರು ಬರೆಸ್ಬೇಕು. ಮನೆ ಪೇಪರ್ ಹಿಡ್ಕೊಂಡು ಮೇಡಂ ಜೊತೆಗೆ ಬರ್ತೀನಿ ಅಂದಿದಾರೆ. ಅಲ್ಲಿ ಕೊಡೋ ಚೀಟಿ ಇಲ್ದೆ ಇದ್ರೆ ನಿಮಗೆ ಇಲ್ಲಿರೋ ಪರ್ಮಿಟ್ ಆಗಲ್ಲ. ಬ್ಯಾಗ್ ಎತ್ಕೊಂಡು ವಾಪಸ್ ಹೋಗ್ಬೇಕು.”

ಶ್ಯಾಮಣ್ಣ ಡ್ರೈವರನ್ನೊಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: “ಫಾರಿನರ್ರು ಅಂದ್ರೆ ಇವ್ರಲ್ವಾ?”

“ಅಪ್ಪ, ಇಲ್ಲಿ ನಾವು. ಇನ್ನೊಂದು ಮುಖ್ಯವಾದ ವಿಷಯ...” ಎಂದು ದಿವ್ಯಾ ತಿರುಗುವಷ್ಟರಲ್ಲಿ ಅಪ್ಪನ ಗೊರಕೆ ಶುರುವಾಗಿತ್ತು.

ಬೆಳಿಗ್ಗೆ ದಿವ್ಯಾ ಮಗುವನ್ನೆತ್ತಿಕೊಂಡು ಹಾಲು ತರಲು ಕೆಳಗಿಳಿದಳು. ಹೊಸ ಮನೆಯಲ್ಲಿ ಹಾಲುಕ್ಕಿಸದೆ ಒಲೆ ಮುಟ್ಟುವುದಿಲ್ಲ ಎಂದು ಭಾಗ್ಯಮ್ಮ ಕೂತಿದ್ದರು. ಸೀರೆಯಲ್ಲಿ ಸುತ್ತಿ ತಂದಿದ್ದ ಪಟವನ್ನು ಬಿಚ್ಚಿ ಗಂಡನ ಕೈಗಿತ್ತರು. “ಆಲು ಉಕ್ಕೋ ಒತ್ಗೆ ಮುನೇಶ್ವರನ್ನ ಗ್ವಾಡೆಗೆ ಏರ್ಸಿ.”

ಮೊಳೆ ಹೊಡೆಯಬಾರದೆಂಬ ನಿಯಮ ಮಾಡಿದ್ದು ಬಾಡಿಗೆದಾರರಿಗೆ. ಶ್ಯಾಮಣ್ಣ ಓನರ್. ಹನ್ನೊಂದನೆಯ ಮಹಡಿಯ ಆ ಗೋಡೆಯ ಮುಂದೆ ಮೊಳೆ ಹಿಡಿದು ನಿಂತಾಗ ತಾನು ಬಾಡಿಗೆದಾರ ಎಂಬ ಯೋಚನೆ ಅವರ ತಲೆಯ ಹತ್ತಿರವೂ ಸುಳಿಯಲಿಲ್ಲ. ಕುಟ್ಟಾಣಿಯಿಂದ ಹೊಡೆದರು. ಒಳಗೆ ಬರೀ ಕಾಂಕ್ರೀಟು. ಮೊದಲನೆಯದು ಬಾಗಿತು, ಎರಡನೆಯದು ಸಿಡಿದು ಸೋಫಾದ ಕೆಳಗೆ ಹೋಯಿತು. ಮೂರನೆಯದು ಹೇಗೋ ಕಚ್ಚಿಕೊಂಡಿತು. ಕಚ್ಚಿಕೊಳ್ಳುವ ಭರದಲ್ಲಿ ನಿಪ್ಪಟ್ಟಿನಷ್ಟಗಲ ಗಾರೆಯನ್ನು ಉದುರಿಸಿತು. ಪಟ ಅದನ್ನು ಮುಚ್ಚಿತು.

ದಿವ್ಯಾ ಒಳಗೆ ಬಂದು ಹಾಲಿನ ಪ್ಯಾಕೆಟ್ ಹಿಡಿದೇ ನಿಂತಳು.

“ಅಪ್ಪಾ, ಏನಿದು?”

“ಮುನೇಶ್ವರ.”

“ಅದು ಗೊತ್ತು. ಹಿಂದೆ ಏನಿದೆ?”

“ಮೊಳೆ.”

“ಅಪ್ಪ, ಇದು ಬಾಡಿಗೆ ಮನೆ!”

“ಗೊತ್ತು ಕಣಮ್ಮಿ. ಅದ್ಕೇ ಒಂದೇ ಒಡ್ದಿರೋದು.”

ದಿವ್ಯಾ ಪಟ ಎತ್ತಿ ನೋಡಿ ಸೋಫಾದ ಮೇಲೆ ಕುಸಿದಳು. ಟ್ಯಾಕ್ಸಿಯಲ್ಲಿ ಹೇಳಬೇಕೆಂದಿದ್ದ ಮುಖ್ಯ ವಿಷಯ ಇದೇ ಆಗಿತ್ತು. ಓನರ್ ಝೌ ಮೇಡಂ ಮೊದಲು ಮನೆ ಕೊಡಲೇ ಒಪ್ಪಿರಲಿಲ್ಲ. ಗೋಡೆಗೆ ಒಂದು ಗೀರೂ ಬೀಳುವುದಿಲ್ಲವೆಂದು ದಿವ್ಯಾ ಮಾತು ಕೊಟ್ಟ ಮೇಲೆ ಒಪ್ಪಿದ್ದರು.

“ಇನ್ನೇನು ಬಂದ್ಬಿಡ್ತಾರೆ” ಎಂದಳು. “ಇದನ್ನ ನೋಡಿ ಮನೆ ಖಾಲಿ ಮಾಡಿ, ಸ್ಟೇಷನ್ಗೆ ನಾನು ಬರಲ್ಲ ಅಂದ್ಬಿಟ್ರೆ? ನೀವಿಬ್ರೂ ವಾಪಸ್. ನಾನು ಕೆಲ್ಸ ಬಿಡ್ಬೇಕು. ಇಷ್ಟೆಲ್ಲ ಮಾಡಿ ಒಂದು ಮೊಳೆಗೆ...”

ಶ್ಯಾಮಣ್ಣ ಹೆಂಡತಿಯ ಕಡೆ ತಿರುಗಿದರು. “ನೀನೇ ಅಲ್ವಾ ಏರ್ಸಿ ಅಂದಿದ್ದು?”

“ಏರ್ಸಿ ಅಂದೆ, ಒಡೀರಿ ಅಂದ್ನಾ? ದೇವ್ರು ಮನಸ್ನಾಗಿರ್ಬೇಕು, ಗ್ವಾಡೆ ಮ್ಯಾಲಲ್ಲ ಅಂತ ಯಾರೋ ಯೋಳ್ತಿದ್ರು” ಎಂದು ಭಾಗ್ಯಮ್ಮ ಮಗುವಿನ ಮೂಗು ಒರೆಸಿದರು. “ಹೊಳೆವ್ವಂಗೆ ಪೋನ್ ಆಕಿ.”

“ಅವ್ಳಿಗ್ಯಾಕೆ?”

“ಆಕಿ ಅಂದ್ರೆ ಆಕಿ.”

ಊರಿನ ಸಿಮ್ಮಿನಲ್ಲಿ ಇನ್ನೂ ಜೀವವಿತ್ತು. ಹೊಳೆವ್ವ ಎತ್ತಿದಳು. “ಮುಟ್ಟಿದ್ರೇನ್ರೀ ಮಾಲಕರ? ಮೋಟರ್ ಹಚ್ಚೀನ್ರೀ, ಟಾಕಿ ಇನ್ನೂ ತುಂಬಿಲ್ಲ.”

ಭಾಗ್ಯಮ್ಮ ಫೋನ್ ಕಿತ್ತುಕೊಂಡರು. “ಮೋಟ್ರು ಇರ್ಲಿ ಬುಡಮ್ಮ. ಗ್ವಾಡೆ ತೂತು ಮುಚ್ಚೋದು ಎಂಗೆ ಯೋಳು.”

ಹೊಳೆವ್ವ ಮೋಟರ್ ಆರಿಸಿದಳು. “ಯಾವ ತೂತ್ರೀ ಅಕ್ಕಾರ? ನಮ್ಮ ಮನ್ಯಾಗ ಒಂದೂ ಇಲ್ರೀ.”

“ನಿಂದಲ್ಲ. ಓನರ್ದು.”

“ಮಾಲಕರು ಮೊಳಿ ಹೊಡದಾರಾ?” ಹೊಳೆವ್ವ ಸೋಮಪ್ಪನನ್ನು ಕೂಗಿ ಕರೆದದ್ದು, ಇಬ್ಬರೂ ನಕ್ಕದ್ದು ಹನ್ನೊಂದನೆಯ ಮಹಡಿಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ವಿಧಾನ ಬಂತು. “ಹಲ್ಲುಜ್ಜು ಪೇಸ್ಟ್ ತಗೋರಿ. ಬಿಳೇದ ಆಗಬೇಕ್ರೀ, ಬಣ್ಣದ್ದು ನಡ್ಯಾಂಗಿಲ್ಲ. ಬೆರಳಿಲೆ ಒತ್ತಿ ತುಂಬಿ, ಹಸಿ ಅರಿವೀಲೆ ಒರಸ್ರಿ. ಒಣಗಾಕ ಬಿಡಬೇಕ್ ನೋಡ್ರಿ ಮತ್ತ. ನಾವು ಶನಿವಾರ ಸಂಜೀಕೇ ಹಚ್ಚಿಬಿಡ್ತೀವಿ. ಐತ್ವಾರ ಮಾಲಕರು ಬರೂದ್ರಾಗ ಕಲ್ಲಾಗಿರ್ತದ.”

“ನಾವು ಅಂದ್ರೆ ಯಾರ್ಯಾರು?” ಎಂದು ಶ್ಯಾಮಣ್ಣ ಬಗ್ಗಿ ಕೇಳಿದರು.

“ಎಲ್ಲಾರೂ ರೀ.”

ಶ್ಯಾಮಣ್ಣ ಹೆಂಡತಿಯನ್ನು ನೋಡಿದರು. “ನಿಂಗೆ ಗೊತ್ತಿತ್ತಾ?”

“ನಿಮ್ಮನ್ನ ಬುಟ್ಟು ಬಿಲ್ಡಿಂಗ್‌ಗೆಲ್ಲ ಗೊತ್ತಿತ್ತು.”

ಇದನ್ನು ಜೀರ್ಣಿಸಿಕೊಳ್ಳಲು ಸಮಯವಿರಲಿಲ್ಲ. ಮೊಳೆ ಕಿತ್ತು ಜೇಬಿಗೆ ಹಾಕಿಕೊಂಡು ದಿವ್ಯಾಳ ಮಲ್ಲಿಗೆ ವಾಸನೆಯ ಪೇಸ್ಟನ್ನು ಗೋಡೆಗೆ ತುಂಬಿದರು. ಹಳ್ಳ ನಿಪ್ಪಟ್ಟಿನಷ್ಟಿದ್ದರಿಂದ ಅರ್ಧ ಟ್ಯೂಬು ಖರ್ಚಾಯಿತು. ಒರೆಸುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

ಝೌ ಮೇಡಂ ಅರವತ್ತರ ಹೆಂಗಸು. ಕತ್ತರಿಸಿದ ಕೂದಲು, ಕಂಕುಳಲ್ಲಿ ಕಾಗದಪತ್ರದ ಚೀಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದವರು ಯಾರ ಮುಖವನ್ನೂ ನೋಡಲಿಲ್ಲ, ಮೊದಲು ಗೋಡೆ ನೋಡಿದರು. ಕೈಗಳು ಬೆನ್ನ ಹಿಂದೆ ಇದ್ದವು. ಆಮೇಲೆ ಒಂದು ಕೈ ಮುಂದೆ ಬಂದು ಗೋಡೆಯ ಮೇಲೆ ಆಡುತ್ತ ಹೊರಟಿತು. ಇಷ್ಟು ವರ್ಷ ಶ್ಯಾಮಣ್ಣನವರು ಅಂಥ ಅಂಗೈಯನ್ನು ಒಳಗಿನಿಂದ ಮಾತ್ರ ಬಲ್ಲವರಾಗಿದ್ದರು. ಎದುರಿಗೆ ನಿಂತು ನೋಡಿದ್ದು ಇದೇ ಮೊದಲು.

ಅಂಗೈ ನಿಂತಿತು. ಬೆರಳು ಒಳಗೆ ಇಳಿಯಿತು. ಮೇಡಂ ಬೆರಳನ್ನು ಮೂಗಿಗೆ ಹಿಡಿದು, ದಿವ್ಯಾಳ ಕಡೆ ತಿರುಗಿ ಏನೋ ಕೇಳಿದರು.

“ಯಾರು ಮಾಡಿದ್ದು ಅಂತಿದಾರೆ” ಎಂದಳು ದಿವ್ಯಾ, ಅಳುವ ದನಿಯಲ್ಲಿ.

ವರ್ತೂರಿನಲ್ಲಿ ಈ ಪ್ರಶ್ನೆಗೆ ಎಲ್ಲ ಬಾಡಿಗೆದಾರರದೂ ಒಂದೇ ಉತ್ತರ: ‘ಮುಂಚೆ ಇದ್ದೋರು ಹೊಡ್ದಿದ್ದು ಸಾರ್.’ ಅದು ಸುಳ್ಳೆಂದು ಹಿಡಿಯುವುದರಲ್ಲಿ ಶ್ಯಾಮಣ್ಣನವರಿಗೆ ಸಂತೋಷವಿತ್ತು. ಈ ಹೆಂಗಸಿಗೂ ಇರುತ್ತದೆಂದು ಅವರಿಗೆ ಗೊತ್ತಾಯಿತು. ಜೇಬಿನಿಂದ ಮೊಳೆ ತೆಗೆದು ಮೇಡಂನ ಅಂಗೈಯಲ್ಲಿಟ್ಟು ತಮ್ಮ ಎದೆ ಮುಟ್ಟಿಕೊಂಡರು.

“ನಾನು” ಎಂದರು.

ಮೇಡಂ ಮೊಳೆಯನ್ನು ತಿರುಗಿಸಿ ನೋಡಿದರು. ಮತ್ತೊಂದು ಪ್ರಶ್ನೆ ಬಂತು.

“ಊರಲ್ಲಿ ನೀವು ಏನು ಮಾಡ್ತೀರಿ ಅಂತ ಕೇಳ್ತಿದಾರೆ.”

ಈ ಪ್ರಶ್ನೆಗೆ ಉತ್ತರಿಸಲು ಶ್ಯಾಮಣ್ಣ ಹಿಂದೆಂದೂ ತಡಮಾಡಿದವರಲ್ಲ. ಈಗ ಮುನೇಶ್ವರನ ಕಡೆ ನೋಡಿದರು. ಮುನೇಶ್ವರ ಸೋಫಾದ ಮೇಲೆ ಅಂಗಾತ ಮಲಗಿದ್ದ. “ಯೋಳ್ಬುಡು” ಎಂದರು ಮಗಳಿಗೆ.

ದಿವ್ಯಾ ಹೇಳಿದಳು. ಮೇಡಂ ಕುರ್ಚಿ ಎಳೆದು ಕೂತರು. ಮುಂದಿನ ಪ್ರಶ್ನೆ ಚಿಕ್ಕದಾಗಿತ್ತು.

“ನಿಮ್ಮ ಮನೆಗಳಲ್ಲಿ ಮೊಳೆ ಹೊಡೀಬಹುದಾ ಅಂತ.”

“...ಇಲ್ಲ ಅನ್ನು.”

ಝೌ ಮೇಡಂ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಎದ್ದು ಹೋಗಿ ತೂತನ್ನು ಇನ್ನೊಮ್ಮೆ ನೋಡಿ ಬಂದು ಮತ್ತೆ ನಕ್ಕರು. ತಮ್ಮ ಬಾಡಿಗೆದಾರರು ತೂತಿಗೆ ಮೇಣ ತುಂಬುತ್ತಾರೆ, ಪೇಸ್ಟ್ ತುಂಬಿದ್ದನ್ನು ಇದೇ ಮೊದಲು ನೋಡಿದ್ದು ಎಂದು ದಿವ್ಯಾಳಿಂದ ಹೇಳಿಸಿದರು. ಶ್ಯಾಮಣ್ಣನವರು ಅದರ ಬಗ್ಗೆ ತಮಗೂ ಇವತ್ತೇ ಗೊತ್ತಾದದ್ದು ಎಂದು ಹೇಳಿಸಿದರು.

ನಗು ಮುಗಿದ ಮೇಲೆ ಮೇಡಂ ಮತ್ತೆ ಓನರ್ ಆದರು. ತೀರ್ಮಾನ ಹೀಗಿತ್ತು: ಈ ಗೋಡೆಯ ಪೇಸ್ಟನ್ನು ಮೊಳೆ ಹೊಡೆದವರೇ ಕೆರೆದು ತೆಗೆದು, ಪುಟ್ಟಿ ಹಚ್ಚಿ, ಬಣ್ಣ ಬಳಿಯಬೇಕು. ಮೊಳೆಗಳು ಇನ್ನೆಷ್ಟಿವೆಯೋ ಅಷ್ಟೂ ಈಗಲೇ ತಂದು ಒಪ್ಪಿಸಬೇಕು. ತಿಂಗಳ ಮೊದಲ ಭಾನುವಾರ ಬಂದು ನೋಡುತ್ತೇನೆ. ಆಮೇಲೆ ಚೀಲದಿಂದ ಗೋಡೆಗೆ ಅಂಟಿಸುವ ಒಂದು ಕೊಕ್ಕೆ ತೆಗೆದು, ತಾವೇ ಜಾಗ ಆರಿಸಿ ಅಂಟಿಸಿ, ಮುನೇಶ್ವರನನ್ನು ಏರಿಸಿದರು. ಭಾಗ್ಯಮ್ಮ ಹಾಲುಕ್ಕಿಸಿದರು. ಉಕ್ಕಿದ್ದನ್ನು ಕಂಡು ಮೇಡಂ ಕಿರುಚಿ ಬಟ್ಟೆ ತಂದು ಒಲೆ ಒರೆಸಿದರು, ಭಾಗ್ಯಮ್ಮ ಅವರಿಗೂ ಒಂದು ಲೋಟ ಕೊಟ್ಟರು.

ಮಧ್ಯಾಹ್ನಕ್ಕೆ ಮುಂಚೆ ಎಲ್ಲರೂ ಸ್ಟೇಷನ್ನಿನಲ್ಲಿದ್ದರು. ಪೊಲೀಸಿನ ಹುಡುಗಿ ಟೈಪ್ ಮಾಡಿ, ಮುದ್ರೆ ಒತ್ತಿ ಚೀಟಿ ಕೊಟ್ಟಳು. ಮೇಡಂನ ಹೆಸರು ಮೇಲೆ, ಶ್ಯಾಮಣ್ಣನವರದು ಕೆಳಗೆ.

“ನನ್ನ ಎಸರಿನ ಪಕ್ಕ ಏನು ಬರ್ದವ್ರೆ?”

“ಬಾಡಿಗೆದಾರ ಅಂತ, ಅಪ್ಪ.”

ಶ್ಯಾಮಣ್ಣ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನೊಳಗಿಟ್ಟುಕೊಂಡು, ಮಗಳ ಕೈಯಿಂದ ಮೊಮ್ಮಗಳನ್ನು ಎತ್ತಿಕೊಂಡರು. ಅದು ಹೊತ್ತು ಕಳೆಯದೆ ಅವರ ಮೂಗನ್ನು ಕಚ್ಚಿತು. ಹಲ್ಲು ಎರಡು ಬಂದಿದ್ದವು.

ಮುಂದಿನ ತಿಂಗಳ ಮೊದಲ ಭಾನುವಾರ ಅವರು ವರ್ತೂರಿಗೆ ಫೋನ್ ಮಾಡಿದರು. ಮೋಟರು, ಗೇಟು ಎಲ್ಲ ವಿಚಾರಿಸಿದ ಮೇಲೆ ಗಂಟಲು ಸರಿಮಾಡಿಕೊಂಡರು. “ಹೊಳೆವ್ವಾ, ಆ ಹುಲಿಗೆಮ್ಮನ್ನ ಕಿಟಕಿಯಿಂದ ಎತ್ತಿ ಗ್ವಾಡೆಗೆ ಆಕು. ಒಂದು ಮೊಳೆ ಒಡ್ಕ, ಪರ್ವಾಗಿಲ್ಲ.”

“ಹಾಕೀನ್ರೀ ಮಾಲಕರ. ನೀವು ವಿಮಾನ ಹತ್ತಿದ ದಿವಸನ.”

ಬೈಗುಳವೊಂದು ನಾಲಿಗೆಯ ತುದಿಗೆ ಬಂದು ಶ್ಯಾಮಣ್ಣನವರ ಬಾಯಲ್ಲೇ ನಿಂತಿತು. ಕಿವಿ ಬಾಗಿಲ ಕಡೆಗಿತ್ತು.

“ಸರಿ, ಇಡ್ತೀನಮ್ಮ” ಎಂದರು. “ನಮ್ಮ ಓನರ್ ಬರೋ ಒತ್ತು. ಗ್ವಾಡೆ ಒರಸ್ಬೇಕು.”